ಇಟಾಸ್ಕಾ ಕೆರೆಗೆ ಹೊರಟಿರುವ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಮಿನ್ನೆಸೋಟ ಮತ್ತು ಅಕ್ಕಪಕ್ಕದ ರಾಜ್ಯಗಳ ಕನ್ನಡ ಬಂಧುಗಳೇ, ಕನ್ನಡ ಕೂಟಗಳ ಪಿಕ್ನಿಕ್ ನೋಡಿಕೊಳ್ಳುವ ಗೆಳೆಯರೇ,

ನಮಸ್ಕಾರ.

ಬೇಸಿಗೆ ಹತ್ತಿರ ಬಂದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಟಾಸ್ಕಾ ಸ್ಟೇಟ್ ಪಾರ್ಕ್‌ನ ಹೆಸರು ಓಡಾಡಲು ಶುರುವಾಗುತ್ತದೆ. ಪ್ಲಾನ್ ಹೆಚ್ಚುಕಡಿಮೆ ಪ್ರತಿ ವರ್ಷ ಒಂದೇ. ಬೆಳಗ್ಗೆ ಬೇಗ ಟ್ವಿನ್ ಸಿಟೀಸ್ (ಮಿನ್ನಿಯಾಪೊಲಿಸ್, ಸೇಂಟ್ ಪಾಲ್) ಬಿಡುವುದು. ಮೂರೂವರೆ, ನಾಲ್ಕು ಗಂಟೆ ಡ್ರೈವ್. ಮಿಸಿಸಿಪ್ಪಿ ನದಿ ಹೊರಡುವ ಜಾಗದಲ್ಲಿ ಕಲ್ಲುಗಳ ಮೇಲೆ ಕಾಲಿಟ್ಟು ಆಚೆ ದಡಕ್ಕೆ ಹೋಗುವುದು. ಮರದ ಕಂಬದ ಪಕ್ಕ ಫೋಟೋ. ಪುಳಿಯೋಗರೆ, ಮೊಸರನ್ನ, ಸ್ವಲ್ಪ ಹಾಡು. ಕತ್ತಲಾಗುವ ಮೊದಲು ವಾಪಸ್.

ಈ ಪ್ಲಾನ್ ಬದಲಾಯಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಎರಡೇ. ಒಂದು ರಾತ್ರಿಯಾದರೂ ಅಲ್ಲಿ ಉಳಿಯಿರಿ. ಹಾಡು ಹಾಕುವ ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ.

ನದಿಯ ಮೂಲ ನೋಡುವುದು ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ತಲಕಾವೇರಿಗೆ ಹೋಗಿಬಂದ ಯಾರಿಗೇ ಆದರೂ ಅಂಥ ಜಾಗದಲ್ಲಿ ಕೈ ತಾನಾಗಿ ಮುಗಿಯುತ್ತದೆ. ನನ್ನ ಕೈಯೂ ಮುಗಿದಿದೆ. ಅಲ್ಲಿನ ಕಂಬದ ಮೇಲೆ ಬರೆದಿರುವಂತೆ ಆ ಜಾಗ ಸಮುದ್ರ ಮಟ್ಟಕ್ಕಿಂತ 1,475 ಅಡಿ ಎತ್ತರದಲ್ಲಿದೆ. ಅಲ್ಲಿಂದ ಗಲ್ಫ್ ಆಫ್ ಮೆಕ್ಸಿಕೋಗೆ 2,552 ಮೈಲಿ. ಕೆರೆಯಿಂದ ಹೊರಟ ಒಂದು ಹನಿ ಸಮುದ್ರ ಸೇರಲು ಸುಮಾರು 90 ದಿನ ಬೇಕು ಎನ್ನುತ್ತಾರೆ. ನದಿ ನೇರ ದಕ್ಷಿಣಕ್ಕೂ ಹೋಗುವುದಿಲ್ಲ. ಮೊದಲು ಉತ್ತರಕ್ಕೆ, ಬಮಿಜಿ ಊರಿನ ಕಡೆ ಹರಿದು, ಆಮೇಲೆ ಪೂರ್ವಕ್ಕೆ ತಿರುಗಿ, ಕೊನೆಗೆ ದಕ್ಷಿಣದ ದಾರಿ ಹಿಡಿಯುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ದೊಡ್ಡ ಹಡಗುಗಳನ್ನು ಹೊರುವ ಅದೇ ನೀರಿನಲ್ಲಿ ಇಲ್ಲಿ ಮಗುವೊಂದು ಪ್ಯಾಂಟ್ ಮಡಚಿಕೊಂಡು ನಡೆದು ದಾಟುತ್ತದೆ. ಯಾರಿಗೆ ಖುಷಿಯಾಗುವುದಿಲ್ಲ, ಹೇಳಿ?

ಆದರೆ ಆ ಕಲ್ಲಿನ ಸಾಲು ಜನ ಜೋಡಿಸಿದ್ದು. ಕೆರೆಯ ಬಾಯಿ ಮೊದಲು ಜೌಗು ಜೌಗಾಗಿತ್ತು. 1930ರ ದಶಕದಲ್ಲಿ, ಕೆಲಸವಿಲ್ಲದ ಯುವಕರಿಗೆ ಸರ್ಕಾರ ಕೆಲಸ ಕೊಟ್ಟ ಕಾಲದಲ್ಲಿ, ಅದನ್ನು ಸರಿಪಡಿಸಿ ಈಗಿನ ರೂಪ ಕೊಟ್ಟರು. ನದಿಗೆ ನೀರು ಕೊಡುವ ಕೆರೆ ಇರುವುದು ಫೋಟೋ ತೆಗೆಯುವವರ ಬೆನ್ನ ಹಿಂದೆ. ಅದು ಹಿಮಯುಗದ ಹಿಮರಾಶಿ ಕರಗಿ ಬಿಟ್ಟುಹೋದ ಕೆರೆ. ಮೂರು ಕಡೆ ಕೈ ಚಾಚಿದ ಆಕಾರ, ನಡುವೆ ಒಂದು ಪುಟ್ಟ ದ್ವೀಪ. ಪಾರ್ಕ್ 32,000 ಎಕರೆಗಿಂತ ದೊಡ್ಡದು. ಅದರೊಳಗೆ ನೂರಕ್ಕೂ ಹೆಚ್ಚು ಕೆರೆಗಳಿವೆ. ಕಲ್ಲು ದಾಟಿ ಕಾರು ಹತ್ತುವುದು ಪ್ರಾಕಾರ ಸುತ್ತಿ ಗರ್ಭಗುಡಿಗೆ ಹೋಗದೆ ಮನೆಗೆ ಬಂದಂತೆ. ಇಷ್ಟು ದೂರ ಬಂದು ಯಾಕೆ ಹಾಗೆ ಹೋಗಬೇಕು?

ಈ ಜಾಗ ನಮಗೆ ಸುಮ್ಮನೆ ಸಿಕ್ಕಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಿನ್ನೆಸೋಟದ ಪೈನ್ ಕಾಡುಗಳನ್ನು ಮರದ ವ್ಯಾಪಾರಿಗಳು ಒಂದು ಕಡೆಯಿಂದ ಕಡಿಯುತ್ತಾ ಬಂದರು. ಜೇಕಬ್ ಬ್ರೋವರ್ ಎಂಬಾತ ಇಟಾಸ್ಕಾ ಸುತ್ತಲಿನ ನೆಲವನ್ನು ಅಳೆದು ನಕ್ಷೆ ಮಾಡಿದ್ದ. ಇದನ್ನಾದರೂ ಉಳಿಸಬೇಕು ಎಂದು ಓಡಾಡಿದ. 1891ರಲ್ಲಿ ರಾಜ್ಯದ ಶಾಸನಸಭೆ ಪಾರ್ಕ್ ಮಾಡಲು ಒಪ್ಪಿತು. ಒಪ್ಪಿದ್ದು ಒಂದೇ ಒಂದು ಮತದ ಅಂತರದಲ್ಲಿ. ಆ ಒಂದು ಮತ ಆಚೆ ಹೋಗಿದ್ದರೆ ನಮ್ಮ ಪಿಕ್ನಿಕ್ ಇವತ್ತು ಬೇರೆ ಯಾವುದೋ ಕಡೆ ನಡೆಯುತ್ತಿತ್ತು.

ಕಾಯ್ದೆ ಬಂದ ಮೇಲೂ ಕೊಡಲಿ ನಿಲ್ಲಲಿಲ್ಲ. ಮರದ ಕಂಪನಿಯವರು ನದಿಗೆ ಕಟ್ಟೆ ಹಾಕಿ ಕೆರೆಯ ನೀರನ್ನು ಏರಿಸಿದರು. ಕಡಿದ ದಿಮ್ಮಿಗಳನ್ನು ನೀರಿನಲ್ಲಿ ತೇಲಿಸಿ ಸಾಗಿಸಲು ಅದು ಬೇಕಾಗಿತ್ತು. ದಡದ ಮರಗಳು ಮುಳುಗಿ ಸಾಯತೊಡಗಿದವು. 1903ರಲ್ಲಿ ಪಾರ್ಕ್‌ನ ಹೊಣೆ ಹೊತ್ತವಳು ಮೇರಿ ಗಿಬ್ಸ್. ಅಪ್ಪ ತೀರಿಕೊಂಡ ಮೇಲೆ ಆ ಹುದ್ದೆ ಅವಳಿಗೆ ಬಂದಿತ್ತು. ವಯಸ್ಸು 24. ಕಟ್ಟೆಯ ಬಾಗಿಲು ತೆರೆಯಿರಿ ಎಂದು ಅವಳು ಹೇಳಿದಳು. ಕಟ್ಟೆ ಮುಟ್ಟಿದವರಿಗೆ ಗುಂಡು ಹೊಡೆಯುತ್ತೇವೆ ಎಂದರು. ಅವಳು ಹೋಗಿ ಕಟ್ಟೆಯ ಸನ್ನೆಕೋಲಿನ ಮೇಲೆ ಕೈ ಇಟ್ಟಳು. ಗುಂಡು ಹಾರಲಿಲ್ಲ. ಅವಳು ಆ ಹುದ್ದೆಯಲ್ಲಿ ಇದ್ದದ್ದು ಕೆಲವೇ ತಿಂಗಳು. ಮರ ಕಡಿಯುವುದು ಆಮೇಲೂ ಹಲವು ವರ್ಷ ನಡೆಯಿತು. ಆದರೂ ಈಗ ನದಿಯ ಮೂಲದ ಹತ್ತಿರ ಇರುವ ಕೇಂದ್ರಕ್ಕೆ ಅವಳದೇ ಹೆಸರು. ನಾವು ಶೌಚಾಲಯಕ್ಕೆ, ನೀರಿನ ಬಾಟಲಿ ತುಂಬಿಸಲು ಹೋಗುತ್ತೇವಲ್ಲ, ಅದೇ ಜಾಗ. ಮುಂದಿನ ಸಲ ಹೋದಾಗ ಮಕ್ಕಳಿಗೆ ಅವಳ ಕಥೆ ಹೇಳಿ. ನಮ್ಮ ಹೆಣ್ಣುಮಕ್ಕಳಿಗೆ ಖಂಡಿತ ಹೇಳಿ.

ಈಗ ಸ್ಪೀಕರ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಇದು ಬರೀ ಶಿಷ್ಟಾಚಾರದ ಮಾತು ಎಂದು ಜಾಸ್ತಿ ಜನ ಅಂದುಕೊಂಡಿದ್ದಾರೆ.

ಇಟಾಸ್ಕಾದಲ್ಲಿ ಲೂನ್ ಹಕ್ಕಿಗಳಿವೆ. ಮಿನ್ನೆಸೋಟದ ರಾಜ್ಯಪಕ್ಷಿ ಅದು. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಬಿಳಿ ಚುಕ್ಕೆ. ನೀರಿನ ಒಳಗೆ ಅದನ್ನು ಮೀರಿಸುವ ಈಜುಗಾರ ಇಲ್ಲ. ನೆಲದ ಮೇಲೆ ಮಾತ್ರ ಪಾಪ, ನಡೆಯಲೂ ಕಷ್ಟ. ಕಾಲುಗಳು ಮೈಯ ಪೂರ್ತಿ ಹಿಂದಕ್ಕೆ ಇವೆ. ಆದ್ದರಿಂದ ಅದು ನೀರಿನ ಅಂಚಿನಲ್ಲೇ ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮೇ, ಜೂನ್ ತಿಂಗಳ ಮಾತು ಇದು. ಮರಿ ಹೊರಬಂದ ಮೇಲೆ ಅಪ್ಪ ಅಮ್ಮನ ಬೆನ್ನೇರಿ ಓಡಾಡುತ್ತದೆ. ನಮ್ಮ ಪಿಕ್ನಿಕ್ ಕಾಲವೂ ಇದೇ, ಅಲ್ವಾ?

ಮನುಷ್ಯರು ಹತ್ತಿರ ಬಂದರೆ, ಗಲಾಟೆ ಜಾಸ್ತಿಯಾದರೆ, ಕೂತ ಹಕ್ಕಿ ಗೂಡಿನಿಂದ ನೀರಿಗೆ ಜಾರುತ್ತದೆ. ಮೊಟ್ಟೆ ಬಯಲಾಗುತ್ತದೆ. ತಣ್ಣಗಾಗುತ್ತದೆ, ಇಲ್ಲವೇ ಗಲ್ ಹಕ್ಕಿಯೋ ರಕೂನೋ ಬಂದು ತಿಂದು ಹೋಗುತ್ತದೆ. ನಾವು ದಡದಲ್ಲಿ ಚೆಲ್ಲಿದ ಅನ್ನ, ಚಿಪ್ಸ್‌ಗೆ ಬರುವ ಪ್ರಾಣಿಗಳೂ ಇವೇ. ಆದ್ದರಿಂದ ಉಳಿದ ಅನ್ನವನ್ನು ಹಕ್ಕಿ ತಿನ್ನಲಿ ಎಂದು ಅಲ್ಲಿ ಹಾಕಬೇಡಿ. ಊರಿನಲ್ಲಿ ಕಾಗೆಗೆ ಅನ್ನ ಇಡುವುದು ಒಳ್ಳೆಯದೇ. ಇಲ್ಲಿ ಅದು ಗೂಡಿಗೆ ಕಳ್ಳನನ್ನು ಕರೆದುಕೊಂಡು ಹೋಗುತ್ತದೆ.

ಲೂನ್ ಹಲವು ರೀತಿ ಕೂಗುತ್ತದೆ. ರಾತ್ರಿ ದೂರದಿಂದ ಕೇಳುವ ಉದ್ದ ಕೂಗು ಒಂದು. ಅದು ಜೊತೆಗಾರನನ್ನು ಹುಡುಕುವ ಕೂಗು. ಇನ್ನೊಂದು ನಡುಗುವ ದನಿ, ಯಾರೋ ಜೋರಾಗಿ ನಕ್ಕ ಹಾಗೆ ಕೇಳುತ್ತದೆ. ದೋಣಿಯಲ್ಲಿ ಹೋಗುವವರು, "ಅಯ್ಯೋ, ನೋಡು, ನಗ್ತಾ ಇದೆ!" ಎಂದು ಇನ್ನೂ ಹತ್ತಿರ ಹುಟ್ಟು ಹಾಕುವುದನ್ನು ನಾನು ನೋಡಿದ್ದೇನೆ. ಅದು ಗಾಬರಿಯ ಕೂಗು. ದೂರ ಹೋಗಿ ಎಂದು ಹಕ್ಕಿ ಹೇಳುತ್ತಿದೆ. ಆ ದನಿ ಕೇಳಿದರೆ ದೋಣಿ ತಿರುಗಿಸಿ. ಮೀನು ಹಿಡಿಯುವವರಿಗೆ ಇನ್ನೊಂದು ಮಾತು. ಗಾಳದ ದಾರಕ್ಕೆ ಭಾರಕ್ಕೆಂದು ಕಟ್ಟುವ ಸೀಸದ ಗುಂಡು ಬಳಸಬೇಡಿ. ಕೆರೆಯ ತಳದಲ್ಲಿ ಕಳೆದುಹೋದ ಒಂದೇ ಒಂದು ಸೀಸದ ಗುಂಡು ನುಂಗಿದರೂ ಲೂನ್ ಸಾಯುತ್ತದೆ. ಸೀಸವಿಲ್ಲದ ಗುಂಡುಗಳು ಅಂಗಡಿಯಲ್ಲಿ ಸಿಗುತ್ತವೆ.

ನೀರಿನ ಮೇಲೆ ಸದ್ದು ಹೇಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿ. ಸಂಜೆಯಾದ ಮೇಲೆ ಕೆರೆಗೆ ತಾಗಿದ ಗಾಳಿ ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗೆ ಇರುತ್ತದೆ. ಆಗ ಸದ್ದು ಮೇಲಕ್ಕೆ ಹೋಗಿ ಕರಗುವ ಬದಲು ಕೆಳಗೆ ಬಾಗಿ, ನೀರಿನ ಮೇಲೇ ಓಡುತ್ತದೆ. ನಿಮಗೆ ಸಣ್ಣ ವಾಲ್ಯೂಮ್ ಅನ್ನಿಸಿದ್ದು ಆಚೆ ದಡದ ಟೆಂಟ್‌ನಲ್ಲಿ ಪದ ಪದವಾಗಿ ಕೇಳುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಸದ್ದು ಮಾಡಬಾರದು ಎಂಬ ನಿಯಮವಿದೆ. ಸೂರ್ಯ ಮುಳುಗುವ ಹೊತ್ತಿಗೂ 10 ಗಂಟೆಗೂ ನಡುವಿನ ಸಮಯಕ್ಕೆ ಅಂಥ ನಿಯಮ ಇಲ್ಲ ಎಂದು ವಾದ ಮಾಡಬಹುದು. ಆದರೆ ಕೆರೆ ಕೇಳಲು ಎಲ್ಲಕ್ಕಿಂತ ಚೆನ್ನಾಗಿರುವ ಸಮಯ ಅದೇ.

"ಬಿಳಿಯರೂ ಹಾಕ್ತಾರಲ್ಲ, ನಮಗೆ ಮಾತ್ರ ಯಾಕೆ ಹೇಳ್ತೀರಿ?" ಈ ಪ್ರಶ್ನೆ ಬರುತ್ತದೆ ಎಂದು ಗೊತ್ತು. ನಿಜ, ಹಾಕುತ್ತಾರೆ. ಅವರಿಗೂ ಹೇಳಿದ್ದೇನೆ. ನಿಮಗೆ ಕನ್ನಡದಲ್ಲಿ ಬರೆಯುತ್ತಿರುವುದು ನೀವು ನನ್ನವರು ಎಂಬ ಕಾರಣಕ್ಕೆ. ಇದರಲ್ಲಿ ಇನ್ನೊಂದು ನೋವಿನ ಎಳೆಯೂ ಇದೆ. ನಮ್ಮಲ್ಲಿ ಎಷ್ಟೋ ಜನ ಇಂಥ ಜಾಗಕ್ಕೆ ಹೋದಾಗ ಮೈ ಮುದುಡಿಕೊಳ್ಳುತ್ತಾರೆ. ಯಾರಾದರೂ ತಿರುಗಿ ನೋಡಿದರೆ ಮಾತು ನಿಲ್ಲಿಸುತ್ತಾರೆ. ಡಬ್ಬಿ ತೆರೆದರೆ ಒಗ್ಗರಣೆ ವಾಸನೆ ಬರುತ್ತದೆಂದು ಹಿಂಜರಿಯುತ್ತಾರೆ. ನಾನು ಅದನ್ನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಜೋರಾಗಿ ಕನ್ನಡ ಮಾತಾಡಿ. ಮಕ್ಕಳು ಕೂಗಾಡಲಿ, ನೀರಿಗೆ ಹಾರಲಿ. ಅಜ್ಜಿ ದೇವರನಾಮ ಹಾಡಿದರೆ ಹಾಡಲಿ. ಈ ಪಾರ್ಕ್ ನಮ್ಮ ತೆರಿಗೆಯಿಂದಲೂ ನಡೆಯುತ್ತದೆ. ಇಲ್ಲಿ ಇರಲು ನಮಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ನಾನು ಬೇಡ ಎನ್ನುತ್ತಿರುವುದು ಬ್ಯಾಟರಿ ಹಾಕಿದ ಆ ಡಬ್ಬವನ್ನು ಮಾತ್ರ.

ನಮ್ಮೆಲ್ಲರಿಗಿಂತ ಮೊದಲು ಈ ಕೆರೆ ಬಲ್ಲವರು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ. 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಮಿಸಿಸಿಪ್ಪಿಯ ಮೂಲ ಕಂಡುಹಿಡಿದ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಓಜಾವಿಂಡಿಬ್ ಎಂಬ ಒಜಿಬ್ವೆ ನಾಯಕ. ದಾರಿ ಗೊತ್ತಿದ್ದವರು ಅವರು, ಹೆಸರು ಬಂದದ್ದು ಇವನಿಗೆ. ಪಾರ್ಕ್‌ನ ಒಳಗೆ ನೂರಾರು ವರ್ಷ ಹಳೆಯ ಸಮಾಧಿ ದಿಬ್ಬಗಳಿವೆ. ಅಲ್ಲಿ ಚಾಪೆ ಹಾಸುವುದು, ಮಕ್ಕಳನ್ನು ಹತ್ತಿಸಿ ಆಡಿಸುವುದು ಬೇಡ. ಈ ಭಾಗದ ಕೆರೆಗಳಲ್ಲಿ ಬೆಳೆಯುವ ಕಾಡು ಅಕ್ಕಿಯನ್ನು ಒಜಿಬ್ವೆ ಜನ ಮನೂಮಿನ್ ಎನ್ನುತ್ತಾರೆ. ಅದು ಅವರಿಗೆ ಪವಿತ್ರ. ದೋಣಿಯಲ್ಲಿ ಕೂತು ತೆನೆ ಬಗ್ಗಿಸಿ ಕೋಲಿನಿಂದ ತಟ್ಟಿ ಕಾಳು ಉದುರಿಸುವ ಪದ್ಧತಿ ಇವತ್ತಿಗೂ ಇದೆ. ಅನ್ನ ತಿಂದು ಬೆಳೆದ ನಮಗೆ ಇದು ಬಹಳ ಹತ್ತಿರದ್ದು ಅನ್ನಿಸಬೇಕು. ದಾರಿಯ ಊರುಗಳಲ್ಲಿ ಅದನ್ನು ಮಾರುತ್ತಾರೆ. ಒಂದು ಚೀಲ ತನ್ನಿ. ಬೇಯಲು ಹೊತ್ತು ಹಿಡಿಯುತ್ತದೆ, ಆದರೆ ಚಿತ್ರಾನ್ನಕ್ಕೆ ಚೆನ್ನಾಗಿ ಹೊಂದುತ್ತದೆ.

ಉಳಿದರೆ ಏನು ನೋಡುವುದು ಎಂದು ಕೇಳುತ್ತೀರಿ. ವೈಲ್ಡರ್‌ನೆಸ್ ಡ್ರೈವ್ ಎಂಬ ಸುಮಾರು 10 ಮೈಲಿಯ ಕಿರಿದಾದ ದಾರಿ ಇದೆ. ಕಾರಿನಲ್ಲೂ ಹೋಗಬಹುದು, ಸೈಕಲ್‌ನಲ್ಲೂ ಹೋಗಬಹುದು. ಆ ದಾರಿಯಲ್ಲಿ ಬೋಹಾಲ್ ಎಂಬ ಪುಟ್ಟ ಕೆರೆಗೆ ಅರ್ಧ ಮೈಲಿಯ ಕಾಲುದಾರಿ. ಎಷ್ಟೋ ಜನ ಅದರ ಬೋರ್ಡ್ ನೋಡಿಕೊಂಡೇ ಮುಂದೆ ಹೋಗಿಬಿಡುತ್ತಾರೆ. ನನ್ನ ಕೇಳಿದರೆ ಇಡೀ ಪಾರ್ಕ್‌ನಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ಅಲ್ಲಿಗೆ ಹೋಗಿ. ಕೊಡಲಿ ಕಾಣದ ಹಳೆಯ ಪೈನ್ ಮರಗಳ ನಡುವೆ ನಡೆಯುತ್ತೀರಿ. ಕೊನೆಗೆ ನೀರು ಸಿಗುತ್ತದೆ. ಅಲ್ಲಿ ಮಾಡಲು ಏನೂ ಇಲ್ಲ. ಅಂಗಡಿ ಇಲ್ಲ, ಆಟ ಇಲ್ಲ. ಕೂತುಕೊಳ್ಳಬೇಕು, ಅಷ್ಟೇ. ಹತ್ತು ನಿಮಿಷ ಮಕ್ಕಳು ಚಡಪಡಿಸುತ್ತಾರೆ. ಆಮೇಲೆ ಅವರೇ ಏನನ್ನೋ ಕಂಡುಹಿಡಿಯುತ್ತಾರೆ. ಬೀವರ್ ಕಚ್ಚಿ ಬೀಳಿಸಿದ ಮರ, ಆಮೆ, ತೇಲುವ ಕಡ್ಡಿ.

ಧೈರ್ಯ ಇದ್ದವರಿಗೆ ಏಟನ್ ಹೈಟ್ಸ್‌ನಲ್ಲಿ ಕಾಡ್ಗಿಚ್ಚು ಕಾಯಲು ಕಟ್ಟಿದ್ದ 100 ಅಡಿಯ ಗೋಪುರವಿದೆ. ಮೇಲಿನಿಂದ ನೋಡಿದರೆ ಕಾಡಿನ ನಡುವೆ ಕೆರೆಗಳು ಹೊಳೆಯುತ್ತವೆ. ಪ್ರೀಚರ್ಸ್ ಗ್ರೋವ್‌ನಲ್ಲಿ 250 ವರ್ಷ ದಾಟಿದ ಕೆಂಪು ಪೈನ್‌ಗಳಿವೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು. 1905ರಲ್ಲಿ ಕಟ್ಟಿದ ಡಗ್ಲಸ್ ಲಾಡ್ಜ್‌ನ ಹತ್ತಿರ ಡಾಕ್ಟರ್ ರಾಬರ್ಟ್ಸ್ ಟ್ರೇಲ್ ಶುರುವಾಗುತ್ತದೆ. ಸುಮಾರು ಎರಡು ಮೈಲಿ, ದಡ ಬಿಟ್ಟು ಜಾಸ್ತಿ ದೂರ ಹೋಗುವುದಿಲ್ಲ. ನಡುವೆ ಒಂದು ಮರದ ಗುಡಿಸಲು ಬರುತ್ತದೆ. ನಾಲ್ಕೇ ನಾಲ್ಕು ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟರೆ ಗೋಡೆ ಪೂರ್ತಿ. ಆ ಮರಗಳು ಎಷ್ಟು ದಪ್ಪ ಇದ್ದಿರಬೇಕು, ಲೆಕ್ಕ ಹಾಕಿ.

ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರ ಬಗ್ಗೆ ನನಗೆ ಬೇರೆಯೇ ಕಾಳಜಿ ಇದೆ. ಆರು ತಿಂಗಳಿಗೆಂದು ಬರುತ್ತಾರೆ. ಮಗ ಸೊಸೆ ಕೆಲಸಕ್ಕೆ ಹೋದರೆ ಮನೆಯೊಳಗೇ ಕೂರುತ್ತಾರೆ. ಕಾರು ಓಡಿಸಲು ಬರುವುದಿಲ್ಲ, ಬೀದಿಯಲ್ಲಿ ಮಾತಾಡಲು ಯಾರೂ ಇಲ್ಲ. ವಾರದ ಕೊನೆಗೆ ಕಾಸ್ಟ್ಕೋ, ತಪ್ಪಿದರೆ ಮಾಲ್. ಅವರನ್ನು ಇಟಾಸ್ಕಾಗೆ ಕರೆದುಕೊಂಡು ಬನ್ನಿ. ಅವರಿಗೋಸ್ಕರವೇ ಬನ್ನಿ. ಅವರಲ್ಲಿ ಎಷ್ಟೋ ಜನ ಕೆರೆಯ ಏರಿ ಮೇಲೆ ಆಡಿ ಬೆಳೆದವರು. ನೀರು ನೋಡಿದರೆ ಅವರ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಮೀನು, ಯಾವ ಹುಲ್ಲು, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಮಳೆ ಬರುತ್ತಾ ಇಲ್ವಾ ಎಂದು ಅವರು ನಮಗಿಂತ ಮೊದಲು ಹೇಳುತ್ತಾರೆ. ಮೊಮ್ಮಕ್ಕಳಿಗೆ ಕಲಿಸಲು ಅವರ ಹತ್ತಿರ ಏನೋ ಇದೆ ಎಂದು ಅವರಿಗೆ ಅನ್ನಿಸುವ ಜಾಗ ಈ ದೇಶದಲ್ಲಿ ಬಹಳ ಇಲ್ಲ. ಇದು ಅಂಥ ಒಂದು ಜಾಗ. ಟಾರು ಹಾಕಿದ ಸೈಕಲ್ ದಾರಿಯಲ್ಲಿ ನಿಧಾನವಾಗಿ ನಡೆಯಬಹುದು, ಸುಸ್ತಾದರೆ ಬೆಂಚು ಇದೆ.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನದಿಯ ಮೂಲದಲ್ಲಿ ಅರಿಶಿನ ಕುಂಕುಮ, ನಾಣ್ಯ ಹಾಕಬೇಡಿ. ಕೈ ಮುಗಿದರೆ ನದಿಗೆ ಸಾಕು. ಪೂಜೆಗೆಂದು ಹೂ ಕೀಳುವುದಂತೂ ಬೇಡವೇ ಬೇಡ. ಜೂನ್ ಕೊನೆಗೆ ದಾರಿಯ ಬದಿಯಲ್ಲಿ ಗುಲಾಬಿ ಬಿಳಿ ಬಣ್ಣದ ಲೇಡಿ ಸ್ಲಿಪ್ಪರ್ ಎಂಬ ಹೂ ಅರಳುತ್ತದೆ. ರಾಜ್ಯದ ಹೂ ಅದು. ಬೀಜದಿಂದ ಮೊದಲ ಹೂ ಬಿಡಲು 16 ವರ್ಷದವರೆಗೆ ಹಿಡಿಯಬಹುದು. ಕೀಳುವುದು ಕಾನೂನಿಗೆ ವಿರುದ್ಧ. ಕಟ್ಟಿಗೆಯನ್ನು ಮನೆಯಿಂದ ತರಬೇಡಿ, ಪಾರ್ಕ್‌ನಲ್ಲೇ ಕೊಳ್ಳಿ. ಹೊರಗಿನ ಕಟ್ಟಿಗೆಯೊಳಗೆ ಕೂತ ಹುಳು ಇಲ್ಲಿನ ಆ್ಯಶ್ ಮರಗಳನ್ನು ಕೊಲ್ಲುತ್ತದೆ. ಡ್ರೋನ್ ಹಾರಿಸುವಂತಿಲ್ಲ. ಬಿಯರ್ ಕೂಡ ಬೇಡ, ಮಿನ್ನೆಸೋಟದ ಸ್ಟೇಟ್ ಪಾರ್ಕ್‌ಗಳಲ್ಲಿ ಸಾರ್ವಜನಿಕವಾಗಿ ಕುಡಿಯಲು ಅವಕಾಶವಿಲ್ಲ. ಕರಡಿಗಳಿವೆ, ಆದ್ದರಿಂದ ಊಟದ ಡಬ್ಬಿಗಳನ್ನು ರಾತ್ರಿ ಕಾರಿನಲ್ಲಿಟ್ಟು ಬೀಗ ಹಾಕಿ. ಉಣ್ಣಿ ಕಚ್ಚದಂತೆ ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ತೂರಿಸಿ, ವಾಪಸ್ ಬಂದ ಮೇಲೆ ಮಕ್ಕಳ ಮೈ, ತಲೆಗೂದಲು ನೋಡಿ. ಉಣ್ಣಿಯಿಂದ ಬರುವ ಲೈಮ್ ಕಾಯಿಲೆ ಇಲ್ಲಿ ನಿಜವಾದ ಅಪಾಯ. ಸೊಳ್ಳೆ ಇದ್ದೇ ಇದೆ.

ಪಿಕ್ನಿಕ್ ಸಮಿತಿಯವರಿಗೆ ನನ್ನ ಕೇಳಿಕೆ ಇದು. ನೂರು ಜನರನ್ನು ಒಂದೇ ದಿನ ನದಿಯ ಮೂಲಕ್ಕೆ ಇಳಿಸುವ ಬದಲು ನಾಲ್ಕೈದು ಸಣ್ಣ ಗುಂಪು ಮಾಡಿ, ಬೇರೆ ಬೇರೆ ವಾರ ಕಳಿಸಿ. ಒಟ್ಟಿಗೇ ಇರಲೇಬೇಕು ಎಂದಾದರೆ ಪಾರ್ಕ್‌ನಲ್ಲಿ ಓಜಾವಿಂಡಿಬ್ ಕೆರೆಯ ಹತ್ತಿರ ಗುಂಪುಗಳಿಗೆಂದೇ ಇರುವ ಕ್ಯಾಬಿನ್‌ಗಳಿವೆ, ಊಟದ ಮನೆ ಇದೆ. ಅಂತ್ಯಾಕ್ಷರಿ ಒಳಗೆ ಆಡಬಹುದು. ರ‍್ಯಾಫಲ್, ಮೈಕ್, ಸನ್ಮಾನ, ಭಾಷಣ ಇವೆಲ್ಲ ರಾಜ್ಯೋತ್ಸವದ ಹಾಲ್‌ಗೆ ಇರಲಿ. ಸುತ್ತೋಲೆ ಕಳಿಸುವಾಗ ಊಟದ ಪಟ್ಟಿಯ ಜೊತೆ "ಸ್ಪೀಕರ್ ತರಬೇಡಿ" ಎಂದು ಒಂದು ಸಾಲು ಸೇರಿಸಿ. ಸಮಿತಿ ಹೇಳಿದರೆ ಜನ ಕೇಳುತ್ತಾರೆ. ನಾನೊಬ್ಬ ಹೇಳಿದರೆ ಅದು ಒಬ್ಬನ ತಕರಾರು ಆಗುತ್ತದೆ.

ಟೆಂಟ್ ಜಾಗವನ್ನು 120 ದಿನ ಮೊದಲಿನಿಂದ ಕಾದಿರಿಸಬಹುದು. ಜುಲೈ ನಾಲ್ಕರ ಆಸುಪಾಸಿನ ವಾರಗಳು ಬಹಳ ಬೇಗ ಮುಗಿದುಹೋಗುತ್ತವೆ. ಸೆಪ್ಟೆಂಬರ್ ನೋಡಿ. ಸೊಳ್ಳೆ ಕಡಿಮೆ, ಜನ ಕಡಿಮೆ, ಆ್ಯಸ್ಪೆನ್ ಮತ್ತು ಮೇಪಲ್ ಎಲೆಗಳು ಬಣ್ಣ ತಿರುಗಲು ಶುರುವಾಗಿರುತ್ತವೆ. ಕ್ಯಾಂಪಿಂಗ್ ಅಭ್ಯಾಸ ಇಲ್ಲದವರು ಬೇರ್ ಪಾ ಕ್ಯಾಂಪ್‌ಗ್ರೌಂಡ್ ಆರಿಸಿಕೊಳ್ಳಿ, ಅದು ಕೆರೆಯ ಪಕ್ಕದಲ್ಲೇ ಇದೆ. ನನ್ನ ಹತ್ತಿರ ಹೆಚ್ಚಿಗೆ ಒಂದು ಟೆಂಟ್ ಇದೆ, ಮಲಗುವ ಚೀಲಗಳೂ ಇವೆ. ಮೊದಲ ಸಲ ಹೋಗುವ ಯಾವ ಕುಟುಂಬಕ್ಕಾದರೂ ಕೊಡುತ್ತೇನೆ. ಗುಂಪಿನಲ್ಲಿ ಕೇಳಿ.

ಪ್ರೀತಿಯಿಂದ,
ಟ್ವಿನ್ ಸಿಟೀಸ್‌ನ ಒಬ್ಬ ಕನ್ನಡಿಗ